ಎರಡನೇ ಚೌಕಕ್ಕೆ ಟಿಕ್ಕು

ಗಿರಿಜಾಗೆ ಸಿಟ್ಟು ಬಂದರೆ ಬಾಯಲ್ಲಿ ಬಹುವಚನ ಬರುತ್ತಿತ್ತು. ಲೋಕದ ಜನ ಸಿಟ್ಟಿಗೆದ್ದಾಗ 'ನೀವು' ಹೋಗಿ 'ನೀನು' ಬರುವುದು ರೂಢಿ. ಈಕೆಯದು ಉಲ್ಟಾ. "ತಾವು ಸ್ವಲ್ಪ ಈ ಕಡೆ ದಯಮಾಡಿಸ್ತೀರಾ?" ಎಂದು ಅಡುಗೆಮನೆಯಿಂದ ದನಿ ಬಂದರೆ ಮಗಳು ಮನಸ್ವಿನಿ ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಅಂಥ ಗಿರಿಜಾ, ಅನಿರುದ್ಧ ಎಂಬ ಒಬ್ಬ ಮನುಷ್ಯನಿಗೆ ವರ್ಷಗಟ್ಟಲೆ ಒಂದೇ ಸಮನೆ ಬಹುವಚನ ಹಾಕಿದಳು. ಅವನು ಅದನ್ನು ಮರ್ಯಾದೆ ಎಂದುಕೊಂಡಿದ್ದ. ಪಾಪ ಎನ್ನಬೇಕೋ, ತಕ್ಕ ಶಾಸ್ತಿಯಾಯಿತು ಎನ್ನಬೇಕೋ, ಓದುವವರು ತೀರ್ಮಾನಿಸಿಕೊಳ್ಳಲಿ. ಈ ಕಥೆಯಂತೂ ಗಿರಿಜಾಳ ಪಕ್ಷ.

ಆಕೆಯ ಗಂಡ ನಂಜುಂಡನಿಗೆ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ನೌಕರಿ. ಕೆಲಸ ಸಿಕ್ಕಿ ಮೈಸೂರು ಬಿಟ್ಟು ಬರೋಡಾಕ್ಕೆ ಬಂದಾಗ ಎರಡು ಮೂರು ವರ್ಷ ಇದ್ದು ವರ್ಗ ಮಾಡಿಸಿಕೊಂಡರಾಯಿತು ಎಂದುಕೊಂಡಿದ್ದರು. ಇಪ್ಪತ್ತು ವರ್ಷವಾದರೂ ಮಕರಪುರ ರಸ್ತೆಯ ಹೌಸಿಂಗ್ ಸೊಸೈಟಿಯ ಅದೇ ಬಾಡಿಗೆ ಮನೆಯಲ್ಲಿದ್ದರು. ಗಿರಿಜಾ ಗುಜರಾತಿ ಕಲಿತದ್ದು ಹಾಲಿನ ಬೂತಿನ ಸಾಲಿನಲ್ಲಿ, ನವರಾತ್ರಿಯ ಗರ್ಬಾದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯ ಊರ್ಮಿಳಾಬೆನ್ ಜೊತೆ ಹಪ್ಪಳ ಒಣಗಿಸುತ್ತ. ಫೋನಿನಲ್ಲಿ ಅವಳ ದನಿ ಕೇಳಿದವರು ಯಾವ ಊರಿನ ಪಟೇಲರ ಮನೆಯವಳೋ ಎಂದುಕೊಳ್ಳುತ್ತಿದ್ದರು.

ಆಗ ದೇಶದ ಬಾಗಿಲು ತೆರೆಯಿತು ಎಂದು ಪತ್ರಿಕೆಗಳು ದಿನಾ ಬರೆಯುತ್ತಿದ್ದ ಕಾಲ. ಪರದೇಶದ ಕಂಪನಿಗಳೆಲ್ಲ ಹೊಸಿಲ ಬಳಿ ನಿಂತು ಇಣುಕುತ್ತಿದ್ದವು. ಇಂಡಿಯಾದಲ್ಲಿ ಇಪ್ಪತ್ತು ಕೋಟಿ ಮಧ್ಯಮ ವರ್ಗದವರಿದ್ದಾರೆ ಎಂಬ ಮಂತ್ರವನ್ನು ಸೂಟು ಹಾಕಿದವರೆಲ್ಲ ಜಪಿಸುತ್ತಿದ್ದರು. ಮಂತ್ರ ಜಪಿಸಿದರೆ ಸಾಮಾನು ಮಾರಾಟವಾಗುತ್ತದೆಯೇ? ಯಾರೋ ಒಬ್ಬರು ಹೋಗಿ ಮನೆ ಬಾಗಿಲು ತಟ್ಟಿ, "ಅಮ್ಮಾ, ಇಂಥದೊಂದು ಬಂದರೆ ಕೊಳ್ಳುತ್ತೀರಾ?" ಎಂದು ಕೇಳಬೇಕು. ಹಾಗೆ ಕೇಳಿಸಿಕೊಡುವ ಸಂಸ್ಥೆಯೊಂದು ಅಹಮದಾಬಾದಿನಲ್ಲಿತ್ತು. ಅದಕ್ಕೆ ಬರೋಡಾದಲ್ಲಿ ಹೆಂಗಸರ ತಂಡವೊಂದು ಬೇಕಾಯಿತು. ತಂಡಕ್ಕೆ ಗಿರಿಜಾ ಮೇಲ್ವಿಚಾರಕಿಯಾದಳು.

ಕೆಲಸ ಕೊಟ್ಟವನೇ ಅನಿರುದ್ಧ. ಅವನ ತಂದೆ ಅಹಮದಾಬಾದಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ, ನಮ್ಮ ಕನ್ನಡದವರೇ. ಹುಡುಗ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ, ಇಂಗ್ಲಿಷ್ ಶಾಲೆಯಲ್ಲಿ. ಮ್ಯಾನೇಜ್‌ಮೆಂಟ್ ಓದಿ ಮೂವತ್ತಕ್ಕೇ ಕುರ್ಚಿ ಹಿಡಿದಿದ್ದ. ಅವನ ಕನ್ನಡ ಅಡುಗೆಮನೆಯ ಹೊಸಿಲು ದಾಟಿರಲಿಲ್ಲ. ಗುಜರಾತಿ ಕ್ರಿಕೆಟ್ ಮೈದಾನ ದಾಟಿರಲಿಲ್ಲ. ಆದರೂ ಬರೋಡಾಕ್ಕೆ ಬಂದಾಗಲೆಲ್ಲ "ಆಂಟಿ, ನಿಮ್ಮ ಬಿಸಿಬೇಳೆಬಾತ್ ಈಸ್ ದ ಬೆಸ್ಟ್" ಎಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತಿದ್ದ. ಗಿರಿಜಾ ಅವನನ್ನು ನೀನು ಎಂದೇ ಮಾತಾಡಿಸುತ್ತಿದ್ದಳು. ತುಪ್ಪ ಹೆಚ್ಚು ಹಾಕುತ್ತಿದ್ದಳು.

ಮೊದಲನೆಯ ದೊಡ್ಡ ಕೆಲಸ ಪೊಟ್ಟಣದ ಸೂಪಿನದು, ತೊಂಬತ್ತಮೂರರಲ್ಲಿ. ಬರೋಡಾದ ಮನೆಗಳನ್ನು ಗಿರಿಜಾಳ ತಂಡ ಬಿಸಿಲಲ್ಲಿ ಅಲೆದು ಮುಗಿಸಿತು. ಸೂರತ್ತಿನ ಪಾಲು ಬೇರೆ ಯಾರಿಗೋ ಹೋಗಿತ್ತು. ಆ ಪುಣ್ಯಾತ್ಮರು ಅಲ್ಲಿನ ಉಧ್ನಾ ಬಡಾವಣೆಯ ಒಂದು ಲಾಡ್ಜಿನಲ್ಲಿ ಕೂತು, ಫ್ಯಾನ್ ಹಾಕಿಕೊಂಡು, ಎಲ್ಲ ಫಾರ್ಮನ್ನೂ ತಾವೇ ತುಂಬಿ ಕಳಿಸಿದರು. ಬೊಂಬಾಯಿಯಿಂದ ತಪಾಸಣೆಗೆ ಬಂದವನು ಸೂರತ್ತಿನಲ್ಲಿ ಬಾಗಿಲು ತಟ್ಟಿ ಕೇಳಿದರೆ ಯಾವ ಮನೆಗೂ ಯಾರೂ ಹೋಗಿರಲಿಲ್ಲ. ಆ ತಂಡವನ್ನು ಆರಿಸಿದವನು ಅನಿರುದ್ಧ. ಫಾರ್ಮುಗಳನ್ನು ನೋಡದೆ ಮುಂದಕ್ಕೆ ಕಳಿಸಿದವನೂ ಅವನೇ. ಕುರ್ಚಿ ಅಲ್ಲಾಡುವುದನ್ನು ಕಂಡ ಕೂಡಲೇ ಅವನು ಆ ಫಾರ್ಮಿನ ಕಟ್ಟುಗಳ ಮೇಲೆ ಮೇಲ್ವಿಚಾರಕಿಯ ಹೆಸರು ಗಿರಿಜಾ ಎಂದು ಬರೆದುಬಿಟ್ಟ.

ಬರೋಡಾದ ಅಲ್ಕಾಪುರಿಯಲ್ಲಿ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ, ಬೊಂಬಾಯಿಯವನ ಎದುರಿಗೆ, ಅವಳೇ ತರಬೇತು ಕೊಟ್ಟ ಹೆಂಗಸರೆಲ್ಲ ಸಾಲಾಗಿ ಕೂತಿರುವಾಗ, ಅನಿರುದ್ಧ ಹೇಳಿದ. "ಆಂಟಿ, ಮನೇಲಿ ಕೂತು ಟೀ ಕುಡೀತಾ ಫಾರ್ಮ್ ಫಿಲ್ ಮಾಡಿದ್ರೆ ಹೇಗೆ? ನಾನು ನಿಮ್ಮನ್ನ ಟ್ರಸ್ಟ್ ಮಾಡಿದ್ದೆ."

ಗಿರಿಜಾಗೆ ಅರ್ಥವಾಗಲಿಲ್ಲ. "ಏನಪ್ಪಾ ಇದು? ನಾನು ಸೂರತ್‌ಗೆ ಹೋಗೇ ಇಲ್ಲ. ನಿಂಗೇ ಗೊತ್ತಲ್ಲ?"

"ಹೋಗದೇ ತುಂಬಿದ್ದು ಅಂತಾನೇ ಅಲ್ವಾ ಕಂಪ್ಲೇಂಟು?" ಎಂದ ಅವನು, ಮತ್ತು ಅದನ್ನೇ ಇಂಗ್ಲಿಷಿನಲ್ಲಿ ಬೊಂಬಾಯಿಯವನಿಗೆ ಹೇಳಿದ. ಬೊಂಬಾಯಿಯವನು ಗಹಗಹಿಸಿ ನಕ್ಕ. ಹೆಂಗಸರಲ್ಲೂ ಒಬ್ಬಿಬ್ಬರು ನಕ್ಕರು. ಗಿರಿಜಾ ಬಾಯಿ ತೆರೆದಳು, ಮಾತು ಬರಲಿಲ್ಲ. ನಿಜವನ್ನೇ ಹೇಳಿದ್ದಳು, ಆ ನಿಜವೇ ಅವಳ ಕುತ್ತಿಗೆಗೆ ಬಂದಿತ್ತು. ಕೊನೆಗೆ ಎದ್ದು ನಿಂತು, "ನಿಮಗೆ ಒಳ್ಳೇದಾಗಲಿ" ಎಂದಳು. ಅದೇ ಮೊದಲ ಬಹುವಚನ.

ಸುದ್ದಿ ಬರೋಡಾದ ಕನ್ನಡ ಸಂಘಕ್ಕೆ ಮುಟ್ಟಲು ಎಷ್ಟು ಹೊತ್ತು? ರಾಜ್ಯೋತ್ಸವದ ದಿನ ಸದಸ್ಯತ್ವದ ಅರ್ಜಿ ಹಂಚುತ್ತಿದ್ದಾಗ ಗುಂಡಪ್ಪ ಎಂಬ ಬ್ಯಾಂಕಿನ ಮನುಷ್ಯ, "ಗಿರಿಜಮ್ಮನವರಿಗೆ ಒಂದು ಕಟ್ಟು ಕೊಟ್ಬಿಡ್ರೀ, ಎಲ್ಲರದ್ದೂ ಮನೇಲೇ ತುಂಬ್ಕೊಂಡು ಬರ್ತಾರೆ" ಎಂದ. ಸಭೆಯೆಲ್ಲ ನಕ್ಕಿತು. ಗಿರಿಜಾ ಕೋಸಂಬರಿಯ ದೊನ್ನೆಯನ್ನು ಅಲ್ಲೇ ಇಟ್ಟು ಬಂದವಳು ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ. "ಬಿಟ್ಟಾಕು, ಜನ ನಾಲ್ಕು ದಿನ ಆಡ್ಕೋತಾರೆ, ಮರೀತಾರೆ" ಎಂದ ನಂಜುಂಡ. ಜನ ಮರೆತರು. ಗಿರಿಜಾ ಮರೆಯಲಿಲ್ಲ. ಬಟ್ಟೆ ಒಗೆಯುವಾಗ ಅನಿರುದ್ಧನನ್ನು ನೆನೆದು ಕಲ್ಲಿಗೆ ಬಡಿಯುತ್ತಿದ್ದಳು. ಆ ಎರಡು ವರ್ಷ ಅವರ ಮನೆಯಲ್ಲಿ ಬಟ್ಟೆ ಬೇಗ ಬೇಗ ಹರಿದವು. ಅವನ ಕುರ್ಚಿ ಮುರಿಯಲಿ, ಅವನ ನಾಲಿಗೆ ಬಿದ್ದುಹೋಗಲಿ ಎಂಬ ಸಾಮಾನ್ಯ ಶಾಪಗಳಿಂದ ಅವಳಿಗೆ ತೃಪ್ತಿಯಿರಲಿಲ್ಲ. ತಾನು ಹೇಗೆ ಕೂತಿದ್ದಳೋ ಹಾಗೆ ಅವನು ಹತ್ತು ಜನರ ಮುಂದೆ ಕೂರಬೇಕು, ಬಾಯಿ ತೆರೆಯಬೇಕು, ಮಾತು ಬರಬಾರದು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ತೊಂಬತ್ತೈದರಲ್ಲಿ ಅನಿರುದ್ಧ ಒಂದು ಮಧ್ಯಾಹ್ನ ಮೋಹನಥಾಳ್ ಮಿಠಾಯಿಯ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬಂದ. ಏನೂ ಆಗೇ ಇಲ್ಲವೇನೋ ಎಂಬಂತೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಈಗ ಅವನು ಪಶ್ಚಿಮ ಭಾರತಕ್ಕೆಲ್ಲ ಮುಖ್ಯಸ್ಥ. ಯೂರೋಪಿನ ಕಂಪನಿಯೊಂದು ಪಾತ್ರೆ ತೊಳೆಯುವ ಯಂತ್ರವನ್ನು ಇಂಡಿಯಾಕ್ಕೆ ತರುವುದೋ ಬೇಡವೋ ಎಂದು ತೂಗಿ ನೋಡುತ್ತಿತ್ತು. ಗುಜರಾತಿನಲ್ಲಿ ದುಡ್ಡಿದೆ, ಸೂರತ್ತಿಗೆ ಹಿಂದಿನ ವರ್ಷವಷ್ಟೇ ಪ್ಲೇಗ್ ಬಂದು ಹೋಗಿದೆ, ಶುಚಿತ್ವದ ಮಾತು ಎಲ್ಲರ ಬಾಯಲ್ಲಿದೆ. ಆದ್ದರಿಂದ ಮೊದಲ ಪರೀಕ್ಷೆ ಇಲ್ಲೇ. ಅವರ ಕಡೆಯ ಹಾರ್ಟ್‌ಮನ್ ಎಂಬಾತ ತಾನೇ ಮನೆಮನೆಗೆ ಬಂದು ಕೇಳಬೇಕೆಂದು ಹಟ ಹಿಡಿದಿದ್ದ. ಅಡುಗೆಮನೆಯವರೆಗೆ ಕರೆದೊಯ್ಯಬಲ್ಲ, ಇಂಗ್ಲಿಷೂ ಗುಜರಾತಿಯೂ ಬಲ್ಲ ಹೆಂಗಸು ಬೇಕಾಗಿತ್ತು. ಹೊಸಬರನ್ನು ಹೊಸಿಲ ಹೊರಗೇ ನಿಲ್ಲಿಸಿ ಕಳಿಸುತ್ತಿದ್ದರು.

"ನಿಮ್ಮ ಹಾಗೆ ಯಾರೂ ಇಲ್ಲ ಆಂಟಿ" ಎಂದ.

"ಅವತ್ತು ಅಲ್ಕಾಪುರಿಯಲ್ಲಿ ತಾವು ಆಡಿದ ಮಾತು?" ಎಂದಳು ಗಿರಿಜಾ, ಕಾಫಿ ಲೋಟ ಮುಂದಿಡುತ್ತ.

"ಅಯ್ಯೋ, ಅದೆಲ್ಲ ಹಳೇದು. ಬಿಸಿನೆಸ್‌ನಲ್ಲಿ ಇರತ್ತೆ. ನಾನು ಯಾವತ್ತೋ ಮರೆತೆ."

ಅವನು ಮರೆತಿದ್ದನಂತೆ! ಮಾಡಿದವನು ಮರೆಯುವುದು, ಅನುಭವಿಸಿದವಳು ನೆನಪಿಟ್ಟುಕೊಳ್ಳುವುದು. 'ತಪ್ಪಾಯಿತು ಆಂಟಿ' ಎಂಬ ಎರಡು ಮಾತು ಆಡಿದ್ದರೆ ಗಿರಿಜಾ ಅಂದೇ ಅವನಿಗೆ ಊಟ ಹಾಕುತ್ತಿದ್ದಳು, ಇದು ಖಂಡಿತ. ಅವನು ಆಡಲಿಲ್ಲ. ಗಿರಿಜಾ ಹಲ್ಲು ಕಚ್ಚಿ ನಕ್ಕು, "ಆಗಲಿ, ತಮ್ಮ ಕೆಲಸ ಅಂದ್ಮೇಲೆ ಬರದೆ ಇರ್ತೀನಾ" ಎಂದಳು. ಒಳಗೆ ಕತ್ತಿ ಮಸೆಯುತ್ತಿದ್ದಳು. ಎಲ್ಲಿ ಇರಿಯಬೇಕೆಂದು ಇನ್ನೂ ಗೊತ್ತಿರಲಿಲ್ಲ, ಅಷ್ಟೇ.

ಮಾರನೆಯ ವಾರ ಅಹಮದಾಬಾದಿನ ಕಚೇರಿಯಲ್ಲಿ ಹಾರ್ಟ್‌ಮನ್‌ಗೆ ಅವಳನ್ನು ಪರಿಚಯಿಸುವಾಗ ಅನಿರುದ್ಧ ಬೆಣ್ಣೆ ಹಚ್ಚಿದ: "ಗುಜರಾತಿನಲ್ಲಿ ಸುಳ್ಳೇ ಹೇಳದ ಒಬ್ಬ ಹೆಂಗಸು ಇದ್ದರೆ ಅದು ಈ ಆಂಟಿ. ಇವರ ಬಾಯಿಂದ ಬಂದದ್ದನ್ನು ನೀವು ಕಣ್ಣು ಮುಚ್ಚಿ ನಂಬಬಹುದು." ಹಾರ್ಟ್‌ಮನ್ ತಲೆಬಾಗಿ ಕೈ ಕುಲುಕಿದ. ನೀಲಿ ಕಣ್ಣಿನ, ಬೆವರುವ, ಸಜ್ಜನ ಮನುಷ್ಯ. ಕಳ್ಳಿ ಎಂದವನ ಬಾಯಲ್ಲೇ ಸತ್ಯವಂತೆ ಎಂಬ ಬಿರುದು ಕೇಳಿ ಗಿರಿಜಾಗೆ ಹೊಟ್ಟೆ ಉರಿದುಹೋಯಿತು.

ಆ ದಿನ ತರಬೇತಿಯಿತ್ತು. ಪ್ರತಿ ಮನೆಯಲ್ಲೂ ಹೆಂಗಸಿಗೆ ಯಂತ್ರದ ಚಿತ್ರ ತೋರಿಸಬೇಕು, ಬೆಲೆ ಹೇಳಬೇಕು, ಕೊಳ್ಳುತ್ತೀರಾ ಎಂದು ಕೇಳಬೇಕು. ಫಾರ್ಮಿನಲ್ಲಿ ಉತ್ತರಕ್ಕೆ ಐದು ಚೌಕ. ಮೊದಲನೆಯದು ಖಂಡಿತ ಕೊಳ್ಳುತ್ತೇನೆ. ಎರಡನೆಯದು ಬಹುಶಃ ಕೊಳ್ಳುತ್ತೇನೆ. ಹಾಗೆಯೇ ಇಳಿಯುತ್ತ ಐದನೆಯದು ಖಂಡಿತ ಇಲ್ಲ. ಒಬ್ಬಳು ಎದ್ದು ಕೇಳಿದಳು: "ಸರ್, ನಮ್ಮ ಹೆಂಗಸರು ಹೌದು, ಅಲ್ಲ ಅಂತ ಹೇಳೋದಿಲ್ಲ. 'ಜೋಈಶು' ಅಂತಾರೆ. ಅದು ಯಾವ ಚೌಕ?"

ಜೋಈಶು ಎಂದರೆ ಗುಜರಾತಿಯಲ್ಲಿ 'ನೋಡೋಣ'. ನಮ್ಮ ಕನ್ನಡದ ನೋಡೋಣದ ಅಕ್ಕನೋ ತಂಗಿಯೋ ಇರಬೇಕು, ಅಷ್ಟು ಹೋಲಿಕೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕೈತೊಳೆದು, "ನೋಡೋಣ" ಎಂದು ಹೊರಟರೆ ಆ ಮನೆಯವರು ಮತ್ತೊಂದು ಜಾತಕ ಹುಡುಕಲು ಶುರುಮಾಡುತ್ತಾರೆ. ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಬಾರದೆಂಬ ದಾಕ್ಷಿಣ್ಯಕ್ಕೆ ಹುಟ್ಟಿದ ಮಾತು ಅದು. ಮಾತಿನಲ್ಲಿ ಬಾಗಿಲು ತೆರೆದಿರುತ್ತದೆ, ಮನಸ್ಸಿನಲ್ಲಿ ಅಗಳಿ ಬಿದ್ದಿರುತ್ತದೆ.

ಅನಿರುದ್ಧ ಯೋಚನೆಯನ್ನೇ ಮಾಡಲಿಲ್ಲ. "ಜೋಈಶು ಅಂದರೆ ನೋಡುತ್ತೇವೆ. ಅಂದರೆ ಆಸಕ್ತಿಯಿದೆ. ಎರಡನೇ ಚೌಕಕ್ಕೆ ಟಿಕ್ ಹಾಕಿ."

ಗಿರಿಜಾ ಬೆಚ್ಚಿ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿಲ್ಲ. ಕೇಳಿದವಳು ಸಾಹೇಬರೇ ಹೇಳಿದ ಮೇಲೆ ಆಯಿತು ಎಂದು ಬರೆದುಕೊಂಡಳು. ದಿನಗೂಲಿಯವಳಿಗೆ ವಾದ ಯಾಕೆ? ಊಟದ ಹೊತ್ತಿಗೆ ಗಿರಿಜಾ ಅವನನ್ನು ಬದಿಗೆ ಕರೆದು, ಒಂದು ಸಲ ಕೆಣಕಿ ನೋಡಿದಳು. ಅಷ್ಟು ನ್ಯಾಯ ಅವಳಲ್ಲಿ ಇನ್ನೂ ಉಳಿದಿತ್ತು.

"ಒಂದು ಮಾತು. ತಮ್ಮ ತಾಯಿ 'ನೋಡೋಣ' ಅಂದ್ರೆ ತಾವು ಏನಂತ ತಿಳ್ಕೋತಿದ್ರಿ?"

ಅನಿರುದ್ಧ ನಕ್ಕ. "ನೋಡೋಣ ಅಂದ್ರೆ ಸಿಗತ್ತೆ ಅಂತ! ಸೈಕಲ್ ಬೇಕು ಅಂದ್ರೆ ಅಮ್ಮ ನೋಡೋಣ ಅಂತಿದ್ರು, ನೆಕ್ಸ್ಟ್ ವೀಕ್ ಸೈಕಲ್ ಬರ್ತಿತ್ತು. ಯಾಕೆ ಆಂಟಿ?"

ಒಬ್ಬನೇ ಮಗ, ಮುದ್ದಿನ ಮಗ. ಹೆಣ್ಣು ಕೊಡಿ ಎಂದು ಹೋದವನಲ್ಲ, ಸಾಲ ಕೇಳಿದವನಲ್ಲ, ಬಾಡಿಗೆ ಮನೆಗೆ ಅಲೆದವನಲ್ಲ. ನೋಡೋಣ ಎಂಬ ಮಾತಿನ ಹಿಂದೆ ಇಲ್ಲ ಎಂಬುದು ಕೂತಿರುತ್ತದೆ ಎಂದು ಅವನಿಗೆ ಕನ್ನಡದಲ್ಲೂ ಗೊತ್ತಿರಲಿಲ್ಲ, ಗುಜರಾತಿಯಲ್ಲೂ ಗೊತ್ತಿರಲಿಲ್ಲ. ಗಿರಿಜಾಳ ನಾಲಿಗೆಯ ತುದಿಗೆ ಬಂದಿತ್ತು. ಆಗ ಅಲ್ಕಾಪುರಿಯ ಸಭಾಂಗಣ ಕಣ್ಣ ಮುಂದೆ ಬಂತು, ಬೊಂಬಾಯಿಯವನ ನಗು ಕಿವಿಯಲ್ಲಿ ಕೇಳಿಸಿತು. ಮಾತನ್ನು ನುಂಗಿಕೊಂಡಳು.

"ಏನಿಲ್ಲ, ಸುಮ್ನೆ ಕೇಳ್ದೆ. ತಾವು ಊಟ ಮಾಡಿ" ಎಂದಳು.

ಆಮೇಲೆ ಶುರುವಾಯಿತು ಮೆರವಣಿಗೆ. ಅಹಮದಾಬಾದಿನ ಪೋಳ ಎಂಬ ಹಳೇ ವಠಾರಗಳ ಇಕ್ಕಟ್ಟು ಓಣಿಗಳಲ್ಲಿ, ಬರೋಡಾದ ಸೊಸೈಟಿಗಳಲ್ಲಿ, ಸೂರತ್ತಿನ ವಜ್ರದ ವ್ಯಾಪಾರಿಗಳ ಹೊಸ ಬಂಗಲೆಗಳಲ್ಲಿ ಹಾರ್ಟ್‌ಮನ್ ಬೂಟು ಬಿಚ್ಚಿ ಕೂತ, ಮಜ್ಜಿಗೆ ಕುಡಿದ, ಚಿತ್ರ ತೋರಿಸಿದ. ಎಲ್ಲ ಕಡೆಯೂ ಒಂದೇ ರಾಗ: ಬಹು ಸರಸ್, ತುಂಬಾ ಚೆನ್ನಾಗಿದೆ, ಜೋಈಶು. ಗಿರಿಜಾ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ತುಂಬಾ ಚೆನ್ನಾಗಿದೆ ಎನ್ನುತ್ತಿದ್ದಾರೆ, ನೋಡುತ್ತೇವೆ ಎನ್ನುತ್ತಿದ್ದಾರೆ. ಹಾರ್ಟ್‌ಮನ್ ಕಣ್ಣರಳಿಸಿ ಎರಡನೇ ಚೌಕಕ್ಕೆ ತಾನೇ ಟಿಕ್ಕು ಹಾಕುತ್ತಿದ್ದ.

ಊರ್ಮಿಳಾಬೆನ್ ಮನೆಯಲ್ಲಂತೂ ಗಿರಿಜಾಗೆ ನಗು ತಡೆಯುವುದೇ ಕಷ್ಟವಾಯಿತು. ಆಕೆಯ ಅಡುಗೆಮನೆಯ ಗೋಡೆಯ ತುಂಬ ಸ್ಟೀಲಿನ ತಟ್ಟೆ, ಲೋಟ, ಡಬ್ಬಿಗಳ ಸಾಲು. ಮುಖ ನೋಡಿ ಕುಂಕುಮ ಇಟ್ಟುಕೊಳ್ಳಬಹುದು, ಅಷ್ಟು ಹೊಳಪು. ಹಾರ್ಟ್‌ಮನ್, ಬೆಳಗಿನ ಪಾತ್ರೆ, ಮಧ್ಯಾಹ್ನದ ಪಾತ್ರೆ ಎಲ್ಲ ಒಳಗೆ ಜೋಡಿಸಿಟ್ಟು ರಾತ್ರಿ ಒಂದೇ ಸಲ ಗುಂಡಿ ಒತ್ತಿದರೆ ಸಾಕು ಎಂದು ವಿವರಿಸಿದ. ಊರ್ಮಿಳಾಬೆನ್ ಹಲ್ಲು ಬಿಟ್ಟು, "ಬಹು ಸರಸ್! ಜೋಈಶು" ಎಂದು ಎದ್ದು, ಗಿರಿಜಾಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ಎಂಜಲು ಪಾತ್ರೆ ಇಡೀ ದಿನ ಡಬ್ಬದಲ್ಲಿ ಕೊಳೆಯುತ್ತಾ ಇರುತ್ತಾ? ಅದೂ ಒಲೆಯ ಪಕ್ಕದಲ್ಲಿ? ರಾಮ ರಾಮ! ಯಾರು ತಗೋತಾರೆ ಗಿರಿಜಾಬೆನ್ ಇದನ್ನು?" ಎಂದಳು ಗುಜರಾತಿಯಲ್ಲಿ, ಮೂಗು ಮುರಿದು. ಗಿರಿಜಾಗೂ ಹಾಗೇ ಅನಿಸಿತ್ತು. ಮುಸುರೆಯನ್ನು ಮುಚ್ಚಿಟ್ಟುಕೊಂಡು ಕೂರುವುದೆಂದರೆ ಅವಳಿಗೂ ಮೈ ಜುಮ್ಮೆನ್ನುತ್ತಿತ್ತು. ಹೊರಗೆ ಬಂದಾಗ ಹಾರ್ಟ್‌ಮನ್ ಕೇಳಿದ, ಒಳಗೆ ಏನಾದರೂ ಹೇಳಿದರೇ ಎಂದು.

"ನಿಮಗೆ ಇನ್ನೊಂದು ಲೋಟ ಮಜ್ಜಿಗೆ ಬೇಕಾ ಅಂತ ಕೇಳಿದರು" ಎಂದಳು ಗಿರಿಜಾ. ಊರ್ಮಿಳಾಬೆನ್ ನಿಜಕ್ಕೂ ಮಜ್ಜಿಗೆ ತಂದಳು.

ಹಾರ್ಟ್‌ಮನ್ ಮೇಲೆ ಅವಳಿಗೆ ಕನಿಕರ ಬರಲಿಲ್ಲವೇ? ಬಂತು. ಸೂರತ್ತಿನಿಂದ ರೈಲಿನಲ್ಲಿ ಬರುವಾಗ ಅವನು ತನ್ನ ಹೆಂಡತಿಯ ಫೋಟೋ ತೋರಿಸಿದ. ಇಲ್ಲೇ ಮಕರಪುರದಲ್ಲಿ ಕಾರ್ಖಾನೆ ಹಾಕುತ್ತೇವೆ, ನಿಮ್ಮ ಮನೆಯ ಹತ್ತಿರವೇ, ಎಂದು ಖುಷಿಪಟ್ಟ. ಎದುರು ಸೀಟಿನಲ್ಲಿ ಅನಿರುದ್ಧ ಕಾಲು ಚಾಚಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಅವನನ್ನು ನೋಡಿದ ಕೂಡಲೇ ಕನಿಕರವೆಲ್ಲ ಆರಿಹೋಯಿತು. ದೊಡ್ಡ ಕಂಪನಿ, ಸಣ್ಣ ನಷ್ಟ, ತಡೆದುಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ನೂರರಲ್ಲಿ ಎಪ್ಪತ್ತು ಮನೆಗಳು ಕೊಳ್ಳುವ ಮನಸ್ಸು ಮಾಡಿವೆ ಎಂದು ವರದಿ ಹೋಯಿತು. ಮಕರಪುರದಲ್ಲಿ ಶೆಡ್ಡು ಎದ್ದಿತು. ತೊಂಬತ್ತಾರರ ದೀಪಾವಳಿಗೆ ಯಂತ್ರಗಳು ಅಂಗಡಿಗೆ ಬಂದವು, ರಿಬ್ಬನ್ ಕಟ್ಟಿಸಿಕೊಂಡು. ದೀಪಾವಳಿ ಹೋಯಿತು, ಸಂಕ್ರಾಂತಿಯ ಗಾಳಿಪಟ ಹೋಯಿತು, ಹೋಳಿ ಹೋಯಿತು. ರಿಬ್ಬನ್ ಹಾಗೇ ಇತ್ತು. ಸೂರತ್ತಿನ ಒಬ್ಬ ಬೀಗರು ಮದುವೆಗೆ ಉಡುಗೊರೆಯಾಗಿ ಒಂದನ್ನು ಕೊಟ್ಟರಂತೆ. ಆ ಮನೆಯವರು ಅದರಲ್ಲಿ ಹಪ್ಪಳ, ಉಪ್ಪಿನಕಾಯಿ ಇಟ್ಟಿದ್ದರು. ಇರುವೆ ಹೋಗುವುದಿಲ್ಲವಂತೆ, ಗಟ್ಟಿ ಬಾಗಿಲಂತೆ. ಊರ್ಮಿಳಾಬೆನ್ ಇದನ್ನು ಹೇಳಿದ ದಿನ ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಸಂಜೆ ಪಾಯಸ ಮಾಡಿದಳು. "ಏನು ವಿಶೇಷ?" ಎಂದ ನಂಜುಂಡ. "ಹಾಲು ಉಳಿದಿತ್ತು" ಎಂದಳು.

ತೊಂಬತ್ತೇಳರ ಬೇಸಿಗೆಯಲ್ಲಿ ಅನಿರುದ್ಧ ಮತ್ತೆ ಬಾಗಿಲಿಗೆ ಬಂದ. ಈ ಸಲ ಕೈಯಲ್ಲಿ ಮಿಠಾಯಿಯಿರಲಿಲ್ಲ. ಗಡ್ಡ ಬಂದಿತ್ತು. ನಂಜುಂಡನೂ ಮನೆಯಲ್ಲಿದ್ದ. ಹಾರ್ಟ್‌ಮನ್ ಬರುತ್ತಿದ್ದಾನೆ, ಅವನ ಮೇಲಿನವನೂ ಬರುತ್ತಿದ್ದಾನೆ, ಜೋಈಶು ಎಂದರೆ ಏನೆಂದು ಅವರಿಗೆ ಯಾರೋ ಹೇಳಿಬಿಟ್ಟಿದ್ದಾರೆ, ನಾವು ಬೇಕೆಂದೇ ಅವರ ಕಣ್ಣಿಗೆ ಮಣ್ಣೆರಚಿದ್ದೇವೆ ಎಂದು ಅನುಮಾನ ಪಡುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದ.

"ಆಂಟಿ, ನೀವು ಒಂದು ಮಾತು ಹೇಳಿ ಸಾಕು. ನಿಮಗೂ ಮೀನಿಂಗ್ ಗೊತ್ತಿರಲಿಲ್ಲ ಅಂತ. ನೀವು ಗುಜರಾತಿ ಅಲ್ವಲ್ಲ, ನಂಬ್ತಾರೆ. ಇಬ್ರದ್ದೂ ಇನ್ನೊಸೆಂಟ್ ಮಿಸ್ಟೇಕ್. ಇಲ್ದಿದ್ರೆ ನನ್ನ ಕರಿಯರ್ ಮುಗೀತು." ನೆಲ ನೋಡುತ್ತ ಅಂದ: "ಸೂಪಿನ ವಿಷಯ ಇದೆಯಲ್ಲ. ಅದನ್ನೂ ಸರಿ ಮಾಡ್ತೀನಿ. ಕನ್ನಡ ಸಂಘಕ್ಕೆ ಬಂದು ಸ್ಟೇಜ್ ಮೇಲೆ ನಿಂತು ಹೇಳ್ತೀನಿ, ತಪ್ಪು ನಂದು, ಆಂಟಿದಲ್ಲ ಅಂತ. ಪ್ರಾಮಿಸ್."

ಅವನು ಹೋದ ಮೇಲೆ ನಂಜುಂಡ ಹೆಂಡತಿಯ ಎದುರು ಕೂತ. "ಒಪ್ಕೋ ಗಿರಿಜಾ. ಹೋದ ಹೆಸರು ವಾಪಸ್ ಬರತ್ತೆ. ನಿಂಗೆ ಬೇಕಾಗಿದ್ದದ್ದು ಅದೇ ಅಲ್ವಾ?"

ಅದೇ ಹೌದೇ? ಗಿರಿಜಾ ಯೋಚಿಸಿದಳು. ವೇದಿಕೆ ಕಾಣಿಸಿತು, ಮೈಕು ಕಾಣಿಸಿತು, ಗುಂಡಪ್ಪನ ಪೆಚ್ಚು ಮುಖ ಕಾಣಿಸಿತು. ಹಿತವಾಗಿತ್ತು. ಆದರೆ ಹೆಸರು ಕೊಡುವವನು ಅವನೇ, ಭಿಕ್ಷೆ ಹಾಕಿದ ಹಾಗೆ. ಅದೂ ತನ್ನ ಚರ್ಮ ಉಳಿಸಿಕೊಳ್ಳಲು. ಆಮೇಲೆ ಎದೆ ತಟ್ಟಿಕೊಂಡು ಇನ್ನೂ ಎತ್ತರದ ಕುರ್ಚಿಗೆ ಹತ್ತುತ್ತಾನೆ. ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಅಹಮದಾಬಾದಿನ ರೈಲು ಹತ್ತಿದಳು.

ಕಚೇರಿಯಲ್ಲಿ ಉದ್ದನೆಯ ಮೇಜಿನ ಸುತ್ತ ಜನ. ಹಾರ್ಟ್‌ಮನ್ ಸೊರಗಿದ್ದ. ಅವನ ಪಕ್ಕದಲ್ಲಿ ಬಿಳಿ ಕೂದಲಿನ ಮೇಲಧಿಕಾರಿ. ತರಬೇತಿಗೆ ಬಂದಿದ್ದ ಹೆಂಗಸರನ್ನು ಆಗಲೇ ವಿಚಾರಿಸಿಯಾಗಿತ್ತು. ಎರಡನೇ ಚೌಕ ಎಂದದ್ದು ಅನಿರುದ್ಧನೇ ಎಂದು ಅವರೆಲ್ಲ ಹೇಳಿದ್ದರು. ತನಗೆ ಆ ಮಾತಿನ ಒಳಾರ್ಥ ತಿಳಿಯದು, ಯಾರೂ ತನಗೆ ಹೇಳಲಿಲ್ಲ ಎಂದು ಅವನು ವಾದಿಸಿದ್ದ. ಈಗ ಉಳಿದದ್ದು ಗಿರಿಜಾಳ ಮಾತು.

"ಮೇಡಂ, ಆ ಹೆಂಗಸರು ನೋಡುತ್ತೇವೆ ಎಂದಾಗ ಅದರ ಅರ್ಥ ಇಲ್ಲ ಎಂದು ನಿಮಗೆ ಗೊತ್ತಿತ್ತೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ ಹಾರ್ಟ್‌ಮನ್.

"ಗೊತ್ತಿತ್ತು" ಎಂದಳು ಗಿರಿಜಾ.

ಅನಿರುದ್ಧ ತಟ್ಟನೆ ಅವಳ ಕಡೆ ತಿರುಗಿದ.

"ಮತ್ತೆ ಯಾರಿಗೂ ಹೇಳಲಿಲ್ಲವೇ?"

ಗಿರಿಜಾ ಸೆರಗು ಸರಿಮಾಡಿಕೊಂಡಳು. ನಲವತ್ತೇಳು ವರ್ಷದಲ್ಲಿ ಸಣ್ಣಪುಟ್ಟ ನೆಪಗಳನ್ನು ಹೇಳಿದ್ದಳು, ಮಾತು ನುಂಗಿಕೊಂಡಿದ್ದಳು. ಒಬ್ಬ ಮನುಷ್ಯನನ್ನು ಮುಳುಗಿಸುವ ಸುಳ್ಳು ಹೇಳಿದವಳಲ್ಲ. ಅದು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಹೇಳಿದೆ. ತರಬೇತಿಯ ದಿನವೇ, ಊಟದ ಹೊತ್ತಿನಲ್ಲಿ, ಇವರನ್ನು ಬದಿಗೆ ಕರೆದು ಹೇಳಿದೆ. ಇವರಿಗೆ ಮೊದಲೇ ಗೊತ್ತಿತ್ತು. ನಮ್ಮ ಮಾತೃಭಾಷೆಯಲ್ಲೂ ಆ ಮಾತಿದ್ದೇ ಇದೆ. ಗಿರಾಕಿಗೆ ಬೇಕಾದ ಸಂಖ್ಯೆ ಬರಲಿ, ನೀವು ಬಾಯಿ ಮುಚ್ಚಿಕೊಂಡಿರಿ ಎಂದರು."

ಇಬ್ಬರೂ ಬದಿಗೆ ಹೋಗಿ ಮಾತಾಡಿದ್ದನ್ನು ಮೇಜಿನ ತುದಿಯಲ್ಲಿ ಕೂತಿದ್ದ ತರಬೇತಿಯ ಹೆಂಗಸರೆಲ್ಲ ಅವತ್ತು ಕಂಡಿದ್ದರು. ಒಬ್ಬಳು ತಲೆಯಾಡಿಸಿಯೂ ಬಿಟ್ಟಳು.

ಅನಿರುದ್ಧ ಎದ್ದು ನಿಂತ. ಇಂಗ್ಲಿಷು ಮರೆತುಹೋಗಿ ಅವನ ಬಾಯಲ್ಲಿ ಅಡುಗೆಮನೆಯ ಕನ್ನಡ ಬಂತು. "ಆಂಟಿ, ಸುಳ್ಳು! ನೀವು ಹೇಳ್ಲಿಲ್ಲ. ಅಮ್ಮನಾಣೆ, ಹೇಳ್ಲಿಲ್ಲ. ಸುಮ್ನೆ ಕೇಳ್ದೆ ಅಂದ್ರಿ ಅಷ್ಟೇ. ಸುಳ್ಳು ಹೇಳ್ಬೇಡಿ ಆಂಟಿ!"

"ಏನು ಹೇಳುತ್ತಿದ್ದಾರೆ?" ಎಂದ ಬಿಳಿ ಕೂದಲಿನವನು.

ಗಿರಿಜಾ ಅನುವಾದ ಮಾಡಿದಳು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. "ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನುತ್ತಿದ್ದಾರೆ."

ಹಾರ್ಟ್‌ಮನ್ ಅನಿರುದ್ಧನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ಸುಳ್ಳೇ ಹೇಳದವರು, ಕಣ್ಣು ಮುಚ್ಚಿ ನಂಬಿ ಎಂದು ನೀವೇ ಅಲ್ಲವೇ ಹೇಳಿದ್ದು?"

ಅನಿರುದ್ಧ ಬಾಯಿ ತೆರೆದ. ಮಾತು ಬರಲಿಲ್ಲ. ಗಿರಿಜಾ ಅವನನ್ನು ಕಣ್ತುಂಬ ನೋಡಿದಳು. ತುಟಿ ಅದುರುವುದನ್ನು, ಕೈ ಮೇಜಿನ ಅಂಚು ಹಿಡಿಯುವುದನ್ನು, ಒಂದನ್ನೂ ಬಿಡದೆ ನೋಡಿದಳು. ಅವಳ ಮೈಯೆಲ್ಲ ತಂಪಾಯಿತು. ಎದ್ದು, "ನಾನಿನ್ನು ಬರ್ತೀನಪ್ಪ ಅನಿರುದ್ಧ. ನೀನು ಹುಷಾರು" ಎಂದು ಹೊರಟಳು.

ಅವನ ಕೆಲಸ ಆ ವಾರವೇ ಹೋಯಿತು. ಆ ಊರಲ್ಲಿ ಬೇರೆ ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ಸುದ್ದಿ ಬರೋಡಾದ ಸಂಘಕ್ಕೂ ಬಂತು: ಗಿರಿಜಮ್ಮ ಸಾಹೇಬರ ಮುಂದೆ ಎದೆಗೊಟ್ಟು ಸತ್ಯ ಹೇಳಿದರಂತೆ, ಆ ಹುಡುಗ ಸೂಪಿನ ವಿಷಯದಲ್ಲೂ ಇವರ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದನಂತೆ. ಗುಂಡಪ್ಪ ಮನೆಗೇ ಬಂದು ಕ್ಷಮೆ ಕೇಳಿ, ನವೆಂಬರಿನಲ್ಲಿ ಸನ್ಮಾನ ಇಟ್ಟುಕೊಂಡಿದ್ದೇವೆ ಎಂದ.

ಅವನು ಹೋದ ಮೇಲೆ ನಂಜುಂಡ ಬಹಳ ಹೊತ್ತು ಪತ್ರಿಕೆ ಹಿಡಿದು ಕೂತಿದ್ದ. ಸೂಪಿನ ಗಲಾಟೆಯಲ್ಲಿ, ಊರೆಲ್ಲ ಆಡಿಕೊಳ್ಳುತ್ತಿದ್ದಾಗಲೂ, 'ನೀನು ಹಾಗೆ ಮಾಡಿದ್ಯಾ' ಎಂದು ಅವನು ಹೆಂಡತಿಯನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳಬೇಕೆಂದು ಅವನಿಗೆ ತೋಚಿಯೇ ಇರಲಿಲ್ಲ. ಈಗ ಪತ್ರಿಕೆ ಕೆಳಗಿಟ್ಟು ಕೇಳಿದ.

"ನೀನು ನಿಜವಾಗ್ಲೂ ಅವನಿಗೆ ಹೇಳಿದ್ಯಾ, ಗಿರಿಜಾ?"

ಗಿರಿಜಾ ಹುರುಳಿಕಾಯಿ ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಇಲ್ಲ" ಎಂದಳು.

"ಮತ್ತೆ?"

"ಮತ್ತೇನು? ಅವರು ಇನ್ನೊಂದು ಸಲ ಕೇಳಿದ್ರೂ 'ಹೇಳಿದ್ದೆ' ಅಂತೀನಿ. ನಂಗೇನೂ ಬೇಜಾರಿಲ್ಲ."

ನಿಜವಾಗಿಯೂ ಅವಳಿಗೆ ಬೇಜಾರಿರಲಿಲ್ಲ. ನವೆಂಬರಿನಲ್ಲಿ ಶಾಲು ಹೊದಿಸಿದರು, ಸತ್ಯಕ್ಕೆ ಎಂದೂ ಸಾವಿಲ್ಲ ಎಂದು ಗುಂಡಪ್ಪ ಭಾಷಣ ಮಾಡಿದ, ಸಭೆ ಚಪ್ಪಾಳೆ ತಟ್ಟಿತು. ಗಿರಿಜಾ ವೇದಿಕೆಯಿಂದ ಮೊದಲ ಸಾಲಿನ ಕಡೆ ನೋಡಿದಳು. ನಂಜುಂಡನ ಕುರ್ಚಿ ಖಾಲಿಯಿತ್ತು. ಅವನು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ, ರಸ್ತೆ ನೋಡುತ್ತ ನಿಂತಿದ್ದ.